ಕೊನೆಯ ಒಂದು ತಿಂಗಳು: ಸಮಾಜಕಾರ್ಯ ವಿದ್ಯಾರ್ಥಿ ಹೊಣೆ ಹೊರುವುದನ್ನು ಎಲ್ಲಿ ಕಲಿಯಬೇಕು?

(ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯು ಅಂತಿಮ ವರ್ಷದ ವಿದ್ಯಾರ್ಥಿಗಳು, ಅವರ ಅಧ್ಯಾಪಕರು ಹಾಗೂ ಕ್ಷೇತ್ರಕಾರ್ಯಕ್ಕೆ ಅವಕಾಶ ಕೊಡುವ ಸಂಸ್ಥೆಗಳ ಮೇಲ್ವಿಚಾರಕರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬ್ಲಾಕ್ ಪ್ಲೇಸ್‌ಮೆಂಟ್‌ಗೆ, ಅಂದರೆ ಓದಿನ ಕೊನೆಯಲ್ಲಿ ಸಂಸ್ಥೆಯೊಂದರಲ್ಲಿ ಒಂದು ತಿಂಗಳು ಪೂರ್ಣಾವಧಿ ಮಾಡುವ ಕ್ಷೇತ್ರಕಾರ್ಯಕ್ಕೆ, ಯಾರು ಎಲ್ಲಿಗೆ ಹೋಗಬೇಕೆಂಬ ಪಟ್ಟಿ ಈಗಾಗಲೇ ನಿಮ್ಮ ಕೈಯಲ್ಲಿದೆ. ಕೆಲವರಿಗೆ ಜಿಲ್ಲಾ ಆಸ್ಪತ್ರೆ, ಕೆಲವರಿಗೆ ಮಕ್ಕಳ ರಕ್ಷಣಾ ಘಟಕ, ಕೆಲವರಿಗೆ ಸ್ವಯಂಸೇವಾ ಸಂಸ್ಥೆ, ಇನ್ನು ಕೆಲವರಿಗೆ ಕಾರ್ಖಾನೆಯ ಮಾನವ ಸಂಪನ್ಮೂಲ ವಿಭಾಗ. ಪರೀಕ್ಷೆ ಮುಗಿಯುತ್ತದೆ, ಕಿರುಪ್ರಬಂಧ ಸಲ್ಲಿಸಿಯಾಗಿದೆ, ಇದೊಂದು ತಿಂಗಳು ಕಳೆದರೆ ಪದವಿ ಬಂದಂತೆಯೇ ಎಂಬ ನಿರಾಳತೆ ನಿಮ್ಮ ಮುಖಗಳಲ್ಲಿ ಕಾಣುತ್ತಿದೆ. ಅದು ಸಹಜ. ಆದರೆ ನಾನು ಬಂದಿರುವುದು ಆ ನಿರಾಳತೆಯ ವಿರುದ್ಧ ಮಾತನಾಡಲು. ಈ ಎರಡು ವರ್ಷಗಳ ಓದಿನಲ್ಲಿ, ನೀವು ಮಾಡಿದ ಕೆಲಸದ ಪರಿಣಾಮವನ್ನು ನೀವೇ ಕಣ್ಣಾರೆ ಕಂಡು ಅದಕ್ಕೆ ಉತ್ತರ ಹೇಳಬೇಕಾದ ಅವಧಿ ಇದೊಂದೇ. ಅದನ್ನು ನಾವೆಲ್ಲ ಸೇರಿ ಹಾಜರಾತಿ ಪುಸ್ತಕ ಮತ್ತು ಒಂದು ಪ್ರಮಾಣಪತ್ರದ ಮಟ್ಟಕ್ಕೆ ಇಳಿಸಿದ್ದೇವೆ. ವಿದ್ಯಾರ್ಥಿಗಳಷ್ಟೇ ಅಲ್ಲ, ವಿಭಾಗಗಳೂ ಸಂಸ್ಥೆಗಳೂ ಇದರಲ್ಲಿ ಪಾಲುದಾರರು.

ಇದೊಂದೇ ಅವಧಿ ಎಂದು ಏಕೆ ಹೇಳುತ್ತಿದ್ದೇನೆಂದರೆ, ಈವರೆಗೆ ನೀವು ಮಾಡಿದ ಕ್ಷೇತ್ರಕಾರ್ಯದ ಸ್ವರೂಪವೇ ಬೇರೆ. ವಾರಕ್ಕೆ ಎರಡು ದಿನ, ಒಟ್ಟು 15 ಗಂಟೆ. ಸಂಸ್ಥೆಗೆ ಹೋಗುತ್ತೀರಿ, ಒಬ್ಬರನ್ನು ಮಾತನಾಡಿಸುತ್ತೀರಿ, ವರದಿ ಬರೆಯುತ್ತೀರಿ, ಮತ್ತೆ ತರಗತಿಗೆ ಮರಳುತ್ತೀರಿ. ಮುಂದಿನ ವಾರ ಹೋಗುವಷ್ಟರಲ್ಲಿ ಆ ರೋಗಿ ಬಿಡುಗಡೆಯಾಗಿರುತ್ತಾರೆ, ಆ ಮಗುವನ್ನು ಬೇರೆ ಬಾಲಮಂದಿರಕ್ಕೆ ಕಳುಹಿಸಿರುತ್ತಾರೆ, ಆ ಮಹಿಳೆ ಗಂಡನ ಮನೆಗೆ ಹಿಂದಿರುಗಿರುತ್ತಾಳೆ. ನಡೆಯಬೇಕಾದದ್ದೆಲ್ಲ ನೀವಿಲ್ಲದ ಐದು ದಿನಗಳಲ್ಲಿ ನಡೆದುಹೋಗುತ್ತದೆ. ನಿಮ್ಮ ಸಲಹೆ ಉಪಯೋಗಕ್ಕೆ ಬಂತೇ, ತೊಂದರೆ ತಂದಿತೇ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಬ್ಲಾಕ್ ಪ್ಲೇಸ್‌ಮೆಂಟ್‌ನಲ್ಲಿ ಹಾಗಲ್ಲ. ಬೆಳಿಗ್ಗೆ ಹೇಳಿದ ಮಾತಿನ ಫಲ ಸಂಜೆ ನಿಮ್ಮೆದುರು ಬಂದು ನಿಲ್ಲುತ್ತದೆ. ಸೋಮವಾರ ಕೊಟ್ಟ ಭರವಸೆಯನ್ನು ಗುರುವಾರ ಅವರು ನೆನಪಿಸುತ್ತಾರೆ.

ಸ್ವಲ್ಪ ಹಿಂದಿನ ಕಥೆ. ನಮ್ಮ ದೇಶದಲ್ಲಿ ಸಮಾಜಕಾರ್ಯ ಶಿಕ್ಷಣ ಹುಟ್ಟಿದ್ದು ಮುಂಬಯಿಯ ನಾಗಪಾಡಾ ಎಂಬ ಬಡಾವಣೆಯ ಕೆಲಸದಿಂದ. ಅಮೆರಿಕದಿಂದ ಬಂದ ಕ್ಲಿಫರ್ಡ್ ಮ್ಯಾನ್ಶಾರ್ಟ್ ಅಲ್ಲಿ ನೆರೆಹೊರೆಯ ಕೇಂದ್ರವೊಂದನ್ನು ನಡೆಸುತ್ತಿದ್ದರು. ಆ ಕೆಲಸಕ್ಕೆ ತರಬೇತಾದ ಜನ ಬೇಕೆಂಬ ಅರಿವಿನಿಂದ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆ ಆರಂಭವಾಯಿತು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಅಂದರೆ ಕ್ಷೇತ್ರ ಮೊದಲು ಬಂತು, ತರಗತಿ ಆಮೇಲೆ. ನಮ್ಮ ರಾಜ್ಯದಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಎಂಬ ಸಮಾಜಕಾರ್ಯ ಶಾಲೆ ಶುರುವಾಯಿತು; ಮುಂದೆ ಧಾರವಾಡ, ಮೈಸೂರು, ಬೆಂಗಳೂರು ಎಂದು ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳು ಬೆಳೆದವು. ಇಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲೂ ಎಂಎಸ್‌ಡಬ್ಲ್ಯು ಓದಬಹುದು. ಹಳ್ಳಿಯ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು ಈ ಪದವಿಗೆ ಬರುತ್ತಿರುವುದು ನನಗೆ ದೊಡ್ಡ ಸಂತೋಷ. ಆದರೆ ತರಗತಿಗಳು ಹೆಚ್ಚಿದಷ್ಟು ಬೇಗ ಒಳ್ಳೆಯ ಕ್ಷೇತ್ರಗಳು, ಒಳ್ಳೆಯ ಮೇಲ್ವಿಚಾರಕರು ಹೆಚ್ಚಲಿಲ್ಲ.

ಗಂಟೆಗಳ ಲೆಕ್ಕ ತೆಗೆದುಕೊಳ್ಳೋಣ. ಒಂದು ಸೆಮಿಸ್ಟರ್‌ಗೆ 16 ವಾರ ಎಂದುಕೊಂಡರೆ ನಾಲ್ಕು ಸೆಮಿಸ್ಟರ್‌ಗಳಲ್ಲಿ 960 ಗಂಟೆ. ಅಮೆರಿಕದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗೆ ಕನಿಷ್ಠ 900 ಗಂಟೆ ಕಡ್ಡಾಯ. ಕಾಗದದ ಮೇಲೆ ನಾವು ಅವರಿಗಿಂತ ಮುಂದೆ! ಆದರೆ ನಮ್ಮ 960ರಲ್ಲಿ ಆಂತರಿಕ ಪರೀಕ್ಷೆ, ಹಬ್ಬ, ಚುನಾವಣೆ, ಕಾಲೇಜು ಉತ್ಸವ, ಬಸ್ ತಪ್ಪಿದ ದಿನ ಇವೆಲ್ಲ ಕಳೆದು ಎಷ್ಟು ಉಳಿಯುತ್ತದೆಂದು ಇಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತು. ಇಂಗ್ಲೆಂಡಿನಲ್ಲಿ ಒಟ್ಟು 200 ದಿನಗಳ ಪ್ರಾಯೋಗಿಕ ಕಲಿಕೆ ಇದೆ. ಅದರಲ್ಲಿ 30 ದಿನ ಕೌಶಲ ತರಬೇತಿಗೆ, ಉಳಿದ 170 ದಿನ ಸಾಮಾನ್ಯವಾಗಿ 70 ದಿನ ಮತ್ತು 100 ದಿನಗಳ ಎರಡು ಪ್ಲೇಸ್‌ಮೆಂಟ್‌ಗಳಿಗೆ. ಕೊನೆಯ ಆ 100 ದಿನಗಳ ಉದ್ದಕ್ಕೂ ವಿದ್ಯಾರ್ಥಿಯ ಕೆಲಸವನ್ನು ನೋಡುವ ಅನುಭವಿ ಸಮಾಜ ಕಾರ್ಯಕರ್ತರೊಬ್ಬರು ಇರುತ್ತಾರೆ. ಈತ ಅಥವಾ ಈಕೆ ಇನ್ನೂ ಸಿದ್ಧವಾಗಿಲ್ಲ ಎಂದು ಬರೆಯುವ ಅಧಿಕಾರ ಅವರಿಗಿದೆ. ನಮ್ಮಲ್ಲಿ ಬ್ಲಾಕ್ ಪ್ಲೇಸ್‌ಮೆಂಟ್‌ನಲ್ಲಿ ಅನುತ್ತೀರ್ಣರಾದ ಒಬ್ಬರನ್ನೂ ನಾನು ಕಂಡಿಲ್ಲ.

ದೂರದ ದೇಶಗಳೇಕೆ, ನಮ್ಮಲ್ಲೇ ನೋಡಿ. ಎರಡು ವರ್ಷದ ಬಿ.ಎಡ್. ಪದವಿಗೆ 2014ರ ನಿಯಮಗಳ ಪ್ರಕಾರ 20 ವಾರಗಳ ಶಾಲಾ ಅನುಭವ ಬೇಕು. ಮಗುವಿಗೆ ಪಾಠ ಹೇಳುವವರಿಗೆ 20 ವಾರ. ಆ ಮಗು ಮನೆಯಲ್ಲಿರಬೇಕೇ ಬಾಲಮಂದಿರದಲ್ಲಿರಬೇಕೇ ಎಂದು ವರದಿ ಬರೆಯುವವರಿಗೆ ಪೂರ್ಣಾವಧಿಯ ಅಭ್ಯಾಸ ಒಂದು ತಿಂಗಳು.

ಆ ವರದಿಯ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಕ್ಕಳ ರಕ್ಷಣಾ ಘಟಕಕ್ಕೆ ಹೋಗುವವರು ಗಮನವಿಟ್ಟು ಕೇಳಬೇಕು.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ರಕ್ಷಣೆ ಬೇಕಾದ ಮಗುವನ್ನು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಆಮೇಲೆ ಸಮಿತಿ ಸಾಮಾಜಿಕ ತನಿಖೆಗೆ ಆದೇಶಿಸುತ್ತದೆ. ಅದು 15 ದಿನಗಳಲ್ಲಿ ಮುಗಿಯಬೇಕು. ಈ ತನಿಖೆ ಯಾರು ಮಾಡಬಹುದು ಎಂದು ಹೇಳುವಾಗ ಕಾಯ್ದೆ ಸಮಾಜ ಕಾರ್ಯಕರ್ತರನ್ನೂ ಹೆಸರಿಸಿದೆ. ಘಟಕದ ಸಿಬ್ಬಂದಿ ಕಡಿಮೆ, ಹಲವರು ಗುತ್ತಿಗೆಯ ಮೇಲಿದ್ದಾರೆ, ಕಡತಗಳು ಬೆಟ್ಟದಷ್ಟಿವೆ. ಹೀಗಾಗಿ ಪ್ಲೇಸ್‌ಮೆಂಟ್‌ಗೆ ಬಂದ ವಿದ್ಯಾರ್ಥಿಯ ಕೈಗೆ ಮೊದಲ ವಾರದಲ್ಲೇ ನಮೂನೆಯೊಂದು ಬರುತ್ತದೆ: ‘ಈ ಮನೆಗೆ ಹೋಗಿ ವಿವರ ತುಂಬಿಕೊಂಡು ಬನ್ನಿ.’

ವಿದ್ಯಾರ್ಥಿ ಹೋಗುತ್ತಾನೆ. ತಂದೆ ಕುಡಿದು ಮಲಗಿದ್ದಾನೆ, ತಾಯಿ ಕೂಲಿಗೆ ಹೋಗಿದ್ದಾಳೆ, ಒಂದೇ ಕೋಣೆಯ ಮನೆ, ತಗಡಿನ ಸೂರು. ನಮೂನೆಯಲ್ಲಿ ಮೂರು ಸಾಲು ಬರೆಯುತ್ತಾನೆ: ತಂದೆ ಮದ್ಯವ್ಯಸನಿ, ತಾಯಿ ಅನಕ್ಷರಸ್ಥೆ, ಮನೆಯ ವಾತಾವರಣ ಮಗುವಿನ ಬೆಳವಣಿಗೆಗೆ ಪೂರಕವಾಗಿಲ್ಲ. ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಮೂರು ಸಾಲಿನ ಬಲದ ಮೇಲೆ ಮಗು ವರ್ಷಗಟ್ಟಲೆ ಸಂಸ್ಥೆಯೊಂದರಲ್ಲಿ ಬೆಳೆಯಬಹುದು. ಅದೇ ಕಾಯ್ದೆಯ ಮೂಲ ತತ್ವಗಳಲ್ಲಿ ಒಂದು, ಮಗುವನ್ನು ಸಂಸ್ಥೆಯಲ್ಲಿ ಇರಿಸುವುದು ಕಟ್ಟಕಡೆಯ ಉಪಾಯವಾಗಿರಬೇಕು ಎಂಬುದು. ತರಗತಿಯಲ್ಲಿ ಇದನ್ನು ನೀವು ಬಾಯಿಪಾಠ ಮಾಡಿದ್ದೀರಿ. ಆ ಮನೆಯ ಹೊಸ್ತಿಲಲ್ಲಿ ನಿಂತಾಗ ಅದು ನೆನಪಾಗಬೇಕು.

ಆಗ ಪ್ರಶ್ನೆಗಳೇ ಬದಲಾಗುತ್ತವೆ. ಬೆಳಿಗ್ಗೆ ಮಗುವನ್ನು ಎಬ್ಬಿಸುವವರು ಯಾರು? ಅದರ ತಟ್ಟೆಗೆ ಊಟ ಬಡಿಸುವವರು ಯಾರು? ರಾತ್ರಿ ಯಾರ ಪಕ್ಕದಲ್ಲಿ ಮಲಗುತ್ತದೆ? ಜ್ವರ ಬಂದಾಗ ಯಾರು ಆಸ್ಪತ್ರೆಗೆ ಎತ್ತಿಕೊಂಡು ಹೋದರು? ಹೀಗೆ ಕೇಳಿದಾಗ ನಮೂನೆಯಲ್ಲಿ ಜಾಗವೇ ಇಲ್ಲದ ಜನ ಹೊರಬರುತ್ತಾರೆ: ಎರಡು ಮನೆ ಆಚೆಗಿರುವ ಅಜ್ಜಿ, ಅದೇ ಕೇರಿಯ ಅತ್ತೆ, ಬಿಸಿಯೂಟ ಮುಗಿದ ಮೇಲೂ ಮಗುವನ್ನು ಗಮನಿಸಿಕೊಳ್ಳುವ ಅಡುಗೆಯವರು. ಶಾಲೆಯ ಹಾಜರಿ ಪುಸ್ತಕ ನೋಡಿ. ಮಗು ಯಾವ ತಿಂಗಳಿನಿಂದ ಶಾಲೆ ತಪ್ಪಿಸಲು ಶುರುಮಾಡಿತು ಎಂದು ಗೊತ್ತಾದರೆ ಮನೆಯಲ್ಲಿ ಏನು, ಯಾವಾಗ ಬದಲಾಯಿತು ಎಂಬ ಸುಳಿವು ಸಿಗುತ್ತದೆ. ಅಂಗನವಾಡಿ ಕಾರ್ಯಕರ್ತೆಯನ್ನು, ಆಶಾ ಕಾರ್ಯಕರ್ತೆಯನ್ನು ಮಾತನಾಡಿಸಿ. ಎಲ್ಲಕ್ಕಿಂತ ಮುಖ್ಯವಾಗಿ ಮಗುವನ್ನು ಕೇಳಿ. ಮಗುವಿನ ಮಾತು ಕೇಳಬೇಕೆಂಬುದೂ ಕಾಯ್ದೆಯ ತತ್ವಗಳಲ್ಲಿದೆ. ಆದರೆ ಎಷ್ಟೋ ವರದಿಗಳಲ್ಲಿ ಮಗುವಿನದೊಂದು ವಾಕ್ಯವೂ ನನಗೆ ಸಿಗುವುದಿಲ್ಲ.

ಇಷ್ಟನ್ನೂ ಮಾಡಿದ ಮೇಲೆ ಆ ಮನೆ ನಿಜಕ್ಕೂ ಮಗುವಿಗೆ ಅಪಾಯಕರ ಎಂಬ ತೀರ್ಮಾನಕ್ಕೇ ನೀವು ಬರಬಹುದು. ಆಗ ಅದನ್ನು ಸ್ಪಷ್ಟವಾಗಿ ಬರೆಯಬೇಕು. ಬಡವರ ಮೇಲಿನ ಮರುಕದಿಂದ ಅಪಾಯವನ್ನು ಮೆತ್ತಗೆ ಬರೆಯುವುದೂ ಮಗುವಿಗೆ ಮಾಡುವ ಅನ್ಯಾಯ. ಯಾವ ತೀರ್ಮಾನವಾದರೂ ಸರಿ, ಅದರ ಹಿಂದೆ ನೀವು ಕಂಡದ್ದೇನು, ಕೇಳಿದ್ದೇನು, ಊಹಿಸಿದ್ದೇನು ಎಂಬುದು ಬೇರೆಬೇರೆಯಾಗಿ ಕಾಣಬೇಕು. ಜನರು ಹೇಳಿದ ಮಾತನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ಮನೆಗೆ ಹೋದರೆ ಎದೆ ಡವಡವ ಅನ್ನುತ್ತದೆ’ ಎಂದು ಹುಡುಗಿ ಹೇಳಿದ್ದನ್ನು ‘ಕೌಟುಂಬಿಕ ಸಮಸ್ಯೆಯಿಂದ ಆತಂಕ’ ಎಂದು ಬರೆದರೆ, ಯಾವ ಹೊತ್ತಿನಲ್ಲಿ, ಯಾರನ್ನು ಕಂಡಾಗ ಎಂದು ಮುಂದೆ ಯಾರೂ ಕೇಳುವುದಿಲ್ಲ.

ಇನ್ನು ಆಸ್ಪತ್ರೆ. ಕಲ್ಯಾಣ ಕರ್ನಾಟಕದಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದ ಮಹಿಳೆಯೊಬ್ಬರಿಗೆ ಕ್ಷಯರೋಗ ಪತ್ತೆಯಾಗಿದೆ ಎಂದಿಟ್ಟುಕೊಳ್ಳಿ. ಔಷಧಿಗೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಔಷಧಿ ಉಚಿತ. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಯಾಗಿದೆ. ಆದರೆ ಅದು ಬ್ಯಾಂಕ್ ಖಾತೆಗೇ ಬರಬೇಕು. ಆಕೆಯ ಖಾತೆ ಊರಿನ ಬ್ಯಾಂಕಿನಲ್ಲಿದೆ, ವರ್ಷಗಳಿಂದ ವಹಿವಾಟಿಲ್ಲದೆ ನಿಷ್ಕ್ರಿಯವಾಗಿದೆ. ಮೇಸ್ತ್ರಿಗೆ ಕಾಯಿಲೆ ಗೊತ್ತಾದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಕಟ್ಟಡದ ಶೆಡ್ ಕೂಡ ಹೋಗುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಬಹುದು, ಅದಕ್ಕೆ ಹಿಂದಿನ ಒಂದು ವರ್ಷದಲ್ಲಿ 90 ದಿನ ದುಡಿದ ದೃಢೀಕರಣ ಬೇಕು. ಸಾಮಾನ್ಯವಾಗಿ ಅದನ್ನು ಕೊಡಬೇಕಾದವನೂ ಅದೇ ಮೇಸ್ತ್ರಿ. ವೈದ್ಯರು ಐದು ನಿಮಿಷದಲ್ಲಿ ಬರೆದ ಚೀಟಿ ಆರು ತಿಂಗಳು ನಡೆಯಬೇಕಾದರೆ ಈ ಗಂಟುಗಳನ್ನೆಲ್ಲ ಯಾರಾದರೂ ಬಿಡಿಸಬೇಕು. ವೈದ್ಯಕೀಯ ಸಮಾಜ ಕಾರ್ಯಕರ್ತರ ಕೆಲಸವೆಂದರೆ ಇದು. ಕೌನ್ಸೆಲಿಂಗ್ ಎಂದರೆ ಎದುರು ಕುಳಿತು ಧೈರ್ಯ ಹೇಳುವುದು ಎಂದು ಭಾವಿಸಿ ಹೋಗುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು: ಆಕೆಯ ಖಾತೆಗೆ ಜೀವ ಬರುವವರೆಗೆ ನಿಮ್ಮ ಧೈರ್ಯದ ಮಾತಿಗೆ ಅರ್ಧ ಬೆಲೆ ಮಾತ್ರ.

ಇಲ್ಲೊಂದು ಕಹಿ ಸತ್ಯವಿದೆ. ಚಿಕಿತ್ಸೆ ಆರು ತಿಂಗಳು, ನೀವಿರುವುದು ಒಂದು ತಿಂಗಳು. ಈ ತಿಂಗಳಲ್ಲಿ ನೀವು ಕೈಗೆತ್ತಿಕೊಳ್ಳುವ ಬಹುತೇಕ ಯಾವ ಕೆಲಸವೂ ನಿಮ್ಮ ಕೈಯಲ್ಲಿ ಮುಗಿಯುವುದಿಲ್ಲ. ಅದಕ್ಕಾಗಿಯೇ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸುವುದನ್ನು ಈ ಅವಧಿಯಲ್ಲೇ ಕಲಿಯಬೇಕು. ಆ ಮಾತಿಗೆ ಆಮೇಲೆ ಬರುತ್ತೇನೆ.

ಹಳ್ಳಿಗೆ ಹೋಗುವವರಿಗೆ ಒಂದು ವಿಷಯ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ನಮ್ಮ ವಿದ್ಯಾರ್ಥಿನಿಯರ ಕ್ಷೇತ್ರಕಾರ್ಯದ ಬಸ್ ಖರ್ಚು ಇಳಿದಿದೆ. ಮೊದಲು ಕಾಲೇಜಿಗೆ ಹತ್ತಿರದ ಸಂಸ್ಥೆಯನ್ನೇ ಕೇಳುತ್ತಿದ್ದವರು ಈಗ ದೂರದ ಊರನ್ನು ಒಪ್ಪಿಕೊಳ್ಳುತ್ತಿದ್ದಾರೆ. ಇದು ಒಳ್ಳೆಯದು. ಆದರೆ ಊರು ತಲುಪಿದ ಮೇಲೆ ನೀವು ಮೊದಲು ಎಲ್ಲಿ ಕುಳಿತುಕೊಳ್ಳುತ್ತೀರಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಪಂಚಾಯಿತಿ ಅಧ್ಯಕ್ಷರ ಮನೆಯಲ್ಲಿ ಊಟ ಮಾಡಿ, ಅವರ ಮಗನ ಬೈಕಿನಲ್ಲಿ ಸಮೀಕ್ಷೆಗೆ ಹೊರಟರೆ, ಊರಿನ ಕೊನೆಯಲ್ಲಿರುವ ಕೇರಿಯ ಜನ ನಿಮಗೆ ಏನು ಹೇಳುತ್ತಾರೆ? ‘ಎಲ್ಲ ಚೆನ್ನಾಗಿದೆ’ ಎನ್ನುತ್ತಾರೆ. ನೀರಿನ ಟ್ಯಾಂಕ್ ಯಾರ ಬೀದಿಯಲ್ಲಿದೆ, ಗ್ರಾಮಸಭೆಯಲ್ಲಿ ಯಾರು ಕುರ್ಚಿಯ ಮೇಲೆ ಕೂರುತ್ತಾರೆ, ಯಾರು ಬಾಗಿಲ ಬಳಿ ನಿಲ್ಲುತ್ತಾರೆ, ಯಾವ ಅಂಗನವಾಡಿಗೆ ಯಾವ ಕೇರಿಯ ಮಕ್ಕಳು ಬರುವುದಿಲ್ಲ, ಇವನ್ನೆಲ್ಲ ನೋಡಲು ಮೊದಲ ವಾರ ಪೂರ್ತಿ ಮೀಸಲಿಡಿ. ಕೇರಿಯಲ್ಲಿ ಕೊಟ್ಟ ನೀರನ್ನು ಕುಡಿಯಿರಿ. ತಾಂಡಾದಲ್ಲಿ ಚಹಾ ಕೊಟ್ಟರೆ ಕುಳಿತು ಕುಡಿಯಿರಿ. ನೀವು ಕುಡಿದಿರೋ ಇಲ್ಲವೋ ಎಂಬ ಸುದ್ದಿ ನಿಮಗಿಂತ ಮೊದಲು ಮುಂದಿನ ಮನೆಯನ್ನು ತಲುಪಿರುತ್ತದೆ. ನಿಮ್ಮಲ್ಲೇ ಕೆಲವರು ಅಂಥ ಕೇರಿಗಳಿಂದ ಬಂದವರಿದ್ದೀರಿ. ಬೇರೆ ಊರಿನಲ್ಲಿ ನಿಮ್ಮ ಹೆಸರು, ಊರು ಕೇಳುವ ನೆಪದಲ್ಲಿ ಜಾತಿ ಕೇಳುತ್ತಾರೆ, ಬಾಡಿಗೆಗೆ ಕೋಣೆ ಸಿಗುವುದಿಲ್ಲ. ಇದು ನೀವೊಬ್ಬರೇ ನುಂಗಿಕೊಳ್ಳಬೇಕಾದ ವಿಷಯವಲ್ಲ. ವಿದ್ಯಾರ್ಥಿಯನ್ನು ಕಳುಹಿಸುವ ಮೊದಲು ವಾಸಕ್ಕೆ ಜಾಗ ಖಚಿತಪಡಿಸುವುದು ವಿಭಾಗದ ಕರ್ತವ್ಯ. ಅಧ್ಯಾಪಕ ಮಿತ್ರರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಕಾರ್ಖಾನೆಗೆ ಹೋಗುವವರನ್ನು ಕಡಿಮೆಯವರೆಂದು ನೋಡುವ ರೂಢಿ ನಮ್ಮಲ್ಲಿದೆ. ಅದು ಸರಿಯಲ್ಲ. 500 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ಹೇಳಿದ ಮೇಲೆಯೇ ನಮ್ಮ ಪದವೀಧರರಿಗೆ ಆ ಬಾಗಿಲು ತೆರೆದದ್ದು. ಅಲ್ಲಿಗೆ ಹೋಗಿ ತಿಂಗಳು ಪೂರ್ತಿ ಹಾಜರಾತಿ ಹಾಳೆ ತುಂಬಬೇಡಿ. ಪೀಣ್ಯದ ಯಾವುದೋ ಗಾರ್ಮೆಂಟ್ಸ್ ಘಟಕದಲ್ಲಿದ್ದರೆ, ಶಿಶುಪಾಲನಾ ಕೋಣೆಗೆ ಹೋಗಿ ಅಲ್ಲಿ ನಿಜವಾಗಿ ಎಷ್ಟು ಮಕ್ಕಳಿದ್ದಾರೆ ನೋಡಿ. ಕೋಣೆ ಇದ್ದೂ ಖಾಲಿಯಿದ್ದರೆ ಏಕೆಂದು ಹೊಲಿಗೆ ಯಂತ್ರದ ಮುಂದೆ ಕುಳಿತ ತಾಯಂದಿರನ್ನೇ ಕೇಳಿ. ಒಂದು ಒಳ್ಳೆಯ ಬ್ಲಾಕ್ ಪ್ಲೇಸ್‌ಮೆಂಟ್‌ಗೆ ಆ ಒಂದು ಪ್ರಶ್ನೆ ಸಾಕು.

ಈಗ ನನ್ನ ಮಾತಿನ ನಡುಮನೆಗೆ ಬರುತ್ತೇನೆ: ಮೇಲ್ವಿಚಾರಣೆ.

ನಿಮಗೆ 22-23 ವರ್ಷ. ಸುಟ್ಟಗಾಯದ ವಾರ್ಡಿನಲ್ಲಿ ನಿಮ್ಮದೇ ವಯಸ್ಸಿನ ಹೆಂಗಸು ಮಲಗಿರುತ್ತಾಳೆ. ಪೊಲೀಸರ ಮುಂದೆ ಸ್ಟೌ ಸಿಡಿಯಿತು ಎಂದವಳು ನಿಮ್ಮ ಮುಂದೆ ಬೇರೆ ಮಾತು ಹೇಳುತ್ತಾಳೆ, ‘ಯಾರಿಗೂ ಹೇಳಬೇಡಿ, ನನ್ನ ಮಗು ಅವರ ಮನೆಯಲ್ಲಿದೆ’ ಎನ್ನುತ್ತಾಳೆ. ಸಂಜೆ ನೀವು ಹಾಸ್ಟೆಲ್‌ಗೆ ಬರುತ್ತೀರಿ. ಆ ಮಾತನ್ನು ಎಲ್ಲಿ ಇಡುತ್ತೀರಿ? ಗೌಪ್ಯತೆ ಕಾಪಾಡಬೇಕೆಂದು ಓದಿದ್ದೀರಿ. ಗೌಪ್ಯತೆಗೆ ಮಿತಿಯಿದೆ ಎಂದೂ ಓದಿದ್ದೀರಿ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಅಲ್ಲಿ ನಿಮಗೆ ಆಯ್ಕೆಯಿಲ್ಲ. ಆದರೆ ಈ ಹೆಂಗಸಿನ ವಿಷಯದಲ್ಲಿ ಅಷ್ಟು ನೇರವಾದ ದಾರಿ ನಿಮಗೆ ಕಾಣುವುದಿಲ್ಲ. ಹೇಳಿದರೆ ಆಕೆಯ ನಂಬಿಕೆ ಮುರಿಯುತ್ತದೆ, ಹೇಳದಿದ್ದರೆ ಜೀವಕ್ಕೇ ಅಪಾಯವಿರಬಹುದು. ಆ ರಾತ್ರಿ ನಿಮಗೆ ಬೇಕಾಗಿರುವುದು ಪುಸ್ತಕವಲ್ಲ. ಇಂಥದ್ದನ್ನು ಮೊದಲು ಕಂಡ, ನಿಮ್ಮ ಜೊತೆ ಕುಳಿತು ಯೋಚಿಸುವ, ತೀರ್ಮಾನದ ಭಾರದಲ್ಲಿ ಪಾಲು ತೆಗೆದುಕೊಳ್ಳುವ ಒಬ್ಬ ಹಿರಿಯರು. ಮೇಲ್ವಿಚಾರಣೆ ಎಂದರೆ ಅಷ್ಟೇ, ಮತ್ತು ಅದೇ ಎಲ್ಲ.

ನಮ್ಮ ಪಠ್ಯಕ್ರಮದಲ್ಲಿ ವಾರಕ್ಕೊಮ್ಮೆ ವೈಯಕ್ತಿಕ ಚರ್ಚೆ, ಗುಂಪು ಚರ್ಚೆ ಎಂದು ಇದೆ. ಸೆಮಿಸ್ಟರ್ ನಡೆಯುವಾಗ ಅದು ಅಷ್ಟಿಷ್ಟು ನಡೆಯುತ್ತದೆ. ಬ್ಲಾಕ್ ಪ್ಲೇಸ್‌ಮೆಂಟ್ ಬಂದಾಗ, ಅಂದರೆ ಅದು ಅತಿ ಹೆಚ್ಚು ಬೇಕಾದಾಗ, ನಿಂತುಹೋಗುತ್ತದೆ. ಅಧ್ಯಾಪಕರು ಮೌಲ್ಯಮಾಪನದಲ್ಲಿರುತ್ತಾರೆ. ಸಂಸ್ಥೆಯ ಮೇಲ್ವಿಚಾರಕರಿಗೆ ತಮ್ಮದೇ ಕೆಲಸದ ಒತ್ತಡ. ವಿದ್ಯಾರ್ಥಿಗೆ ಕಲಿಸುವುದಕ್ಕೆ ಅವರಿಗೆ ಯಾರೂ ತರಬೇತಿ ಕೊಟ್ಟಿಲ್ಲ, ಗೌರವಧನ ಕೊಟ್ಟಿಲ್ಲ, ಎಷ್ಟೋ ಬಾರಿ ಒಂದು ಧನ್ಯವಾದ ಪತ್ರವೂ ಹೋಗುವುದಿಲ್ಲ. ಕೊನೆಯ ದಿನ ವಿದ್ಯಾರ್ಥಿಯೇ ಟೈಪ್ ಮಾಡಿಕೊಂಡು ಬಂದ ಪ್ರಮಾಣಪತ್ರಕ್ಕೆ ಅವರು ಸಹಿ ಹಾಕುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಯಾರು ಎಂದು ವ್ಯಾಖ್ಯಾನಿಸುವಾಗ, ಎಂಎಸ್‌ಡಬ್ಲ್ಯು ಮೇಲೆ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಮತ್ತು ಅದರಲ್ಲಿ ಮೇಲ್ವಿಚಾರಣೆಯಡಿ ನಡೆದ ಕ್ಲಿನಿಕಲ್ ತರಬೇತಿ ಇರಬೇಕು ಎಂದಿದೆ. ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಮೇಲ್ವಿಚಾರಣೆಯಿಲ್ಲದ ಅನುಭವಕ್ಕೆ ಬೆಲೆಯಿಲ್ಲ ಎಂಬುದನ್ನು ಕಾನೂನೇ ಒಪ್ಪಿದೆ. ನಿಮ್ಹಾನ್ಸ್‌ನಲ್ಲಿ ದಶಕಗಳಿಂದ ಈ ಪದ್ಧತಿ ನಡೆದುಬಂದಿದೆ. ಮಕ್ಕಳ ವಿಷಯದಲ್ಲಿ, ದೌರ್ಜನ್ಯಕ್ಕೊಳಗಾದ ಮಹಿಳೆಯರ ವಿಷಯದಲ್ಲಿ ಅದೇ ಎಚ್ಚರ ಏಕೆ ಬೇಡ?

ಆದ್ದರಿಂದ ವಿಭಾಗಗಳ ಮುಂದೆ ನನ್ನ ಕೋರಿಕೆ ಇದು. ಬ್ಲಾಕ್ ಪ್ಲೇಸ್‌ಮೆಂಟ್ ಅನ್ನು ಪರೀಕ್ಷೆಯ ನಂತರ ಇಡಬೇಡಿ. ನಾಲ್ಕನೇ ಸೆಮಿಸ್ಟರ್‌ನ ಮೊದಲ ಎರಡು ತಿಂಗಳಿಗೆ ತನ್ನಿ. ಆಗ ವಿದ್ಯಾರ್ಥಿ ಮರಳಿ ತರಗತಿಗೆ ಬರುತ್ತಾನೆ, ಕಂಡದ್ದನ್ನು ಚರ್ಚಿಸುತ್ತಾನೆ, ಸಿದ್ಧಾಂತದ ಪಾಠಗಳಿಗೆ ಮೊದಲ ಬಾರಿಗೆ ಜೀವಂತ ಪ್ರಶ್ನೆಗಳನ್ನು ತರುತ್ತಾನೆ. ಪರೀಕ್ಷೆ ಮುಗಿದ ಮೇಲೆ ಕಳುಹಿಸಿದರೆ ಅವನು ಕಂಡದ್ದು ಅವನೊಳಗೇ ಉಳಿಯುತ್ತದೆ. ಎರಡು ತಿಂಗಳು ಸಾಧ್ಯವಿಲ್ಲ ಎಂದಾದರೆ ಒಂದೇ ತಿಂಗಳಿರಲಿ, ಆದರೆ ವಾರಕ್ಕೊಂದು ಗಂಟೆ ಮೇಲ್ವಿಚಾರಣೆ ತಪ್ಪಬಾರದು. ನನಗೆ ಎರಡರಲ್ಲಿ ಒಂದನ್ನು ಆರಿಸು ಎಂದರೆ, ಮೇಲ್ವಿಚಾರಣೆಯಿಲ್ಲದ ನೂರು ದಿನಗಳನ್ನು ಬಿಟ್ಟು ಮೇಲ್ವಿಚಾರಣೆಯಿರುವ ಮೂವತ್ತು ದಿನಗಳನ್ನು ಆರಿಸುತ್ತೇನೆ. ದೂರದ ಜಿಲ್ಲೆಯಾದರೆ ವಿಡಿಯೊ ಕರೆಯಲ್ಲಿ ಮಾತನಾಡಿ. ಸಂಸ್ಥೆಯ ಮೇಲ್ವಿಚಾರಕರನ್ನು ವರ್ಷಕ್ಕೊಮ್ಮೆ ವಿಭಾಗಕ್ಕೆ ಕರೆಸಿ, ಅವರಿಂದ ಕಲಿಯಿರಿ, ಅವರಿಗೆ ಗೌರವಧನ ಕೊಡಿ. ಅಂಕಗಳಲ್ಲಿ ಅವರ ಮಾತಿಗೆ ನಿಜವಾದ ತೂಕವಿರಲಿ. ಸಿದ್ಧವಾಗದ ವಿದ್ಯಾರ್ಥಿಯನ್ನು ಇನ್ನೊಮ್ಮೆ ಕಳುಹಿಸುವ ಧೈರ್ಯವೂ ಇರಲಿ.

ಹಣದ ಮಾತನ್ನೂ ಹೇಳಬೇಕು. ವೈದ್ಯಕೀಯ ವಿದ್ಯಾರ್ಥಿ ಇಂಟರ್ನ್‌ಶಿಪ್ ಮಾಡುವಾಗ ಅವನಿಗೆ ಶಿಷ್ಯವೇತನ ಸಿಗುತ್ತದೆ. ಅದೇ ಆಸ್ಪತ್ರೆಯ ಅದೇ ವಾರ್ಡಿನಲ್ಲಿ ಓಡಾಡುವ ನಮ್ಮ ವಿದ್ಯಾರ್ಥಿ ಕೋಣೆ ಬಾಡಿಗೆ, ಊಟ ಎಲ್ಲವನ್ನೂ ತನ್ನ ಜೇಬಿನಿಂದ ಕೊಡಬೇಕು. ಕೂಲಿ ಮಾಡುವವರ ಮಕ್ಕಳು ಇದಕ್ಕಾಗಿ ಸಾಲ ಮಾಡುತ್ತಾರೆ, ಇಲ್ಲವೇ ಮನೆಗೆ ಹತ್ತಿರದ ಯಾವುದೋ ಸಂಸ್ಥೆಯಲ್ಲಿ ಹೆಸರಿಗೆ ಮಾತ್ರ ಸೇರುತ್ತಾರೆ. ಒಳ್ಳೆಯ ಪ್ಲೇಸ್‌ಮೆಂಟ್ ಉಳ್ಳವರ ಪಾಲಾಗುತ್ತದೆ. 2021ರಲ್ಲಿ ಬಂದ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಆರೋಗ್ಯ ವೃತ್ತಿಪರರ ಪಟ್ಟಿಗೆ ಸೇರಿಸಿದೆ. ವೃತ್ತಿಯೆಂದು ಗುರುತಿಸಿದ ಮೇಲೆ ಅದರ ತರಬೇತಿಯ ಖರ್ಚನ್ನು ವಿದ್ಯಾರ್ಥಿಯ ತಂದೆತಾಯಿಯ ಮೇಲೆ ಬಿಡುವುದು ನ್ಯಾಯವಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಕೈಯಲ್ಲಿರುವ ಮೊಬೈಲ್ ಬಗ್ಗೆ ಒಂದು ಎಚ್ಚರಿಕೆ. ಬಾಲಮಂದಿರದಲ್ಲಿ ಮಕ್ಕಳ ಜೊತೆ ತೆಗೆದ ಚಿತ್ರವನ್ನು ಸ್ಟೇಟಸ್‌ಗೆ ಹಾಕುವುದು ಅಪರಾಧ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಮಗುವಿನ ಗುರುತು ಬಹಿರಂಗಪಡಿಸಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ವರದಿಗೆ ಛಾಯಾಚಿತ್ರ ಅಂಟಿಸಿದರೆ ಅಂಕ ಹೆಚ್ಚುತ್ತದೆ ಎಂಬ ನಂಬಿಕೆಯನ್ನು ಕೆಲವು ವಿಭಾಗಗಳೇ ಬೆಳೆಸಿವೆ. ಅದನ್ನು ಇಂದೇ ಬಿಡಿ.

ಈಗ ಒಪ್ಪಿಸುವ ಮಾತು. ಮೊದಲ ಭೇಟಿಯಲ್ಲೇ ಹೇಳಿ: ‘ನಾನು ವಿದ್ಯಾರ್ಥಿ, ಇಂಥ ತಾರೀಖಿನವರೆಗೆ ಇರುತ್ತೇನೆ.’ ಈ ಒಂದು ವಾಕ್ಯ ಹೇಳಲು ನಿಮಗೆ ಮುಜುಗರವಾಗುತ್ತದೆ, ನಂಬಿಕೆ ಕಡಿಮೆಯಾಗುತ್ತದೆ ಎಂದು ಭಯವಾಗುತ್ತದೆ. ಹೇಳದೆ ಒಂದು ದಿನ ಕಾಣೆಯಾಗುವುದು ಅದಕ್ಕಿಂತ ಕೆಟ್ಟದ್ದು. ಬಾಲಮಂದಿರದ ಮಕ್ಕಳು ಹಾಗೆ ಬಂದುಹೋದ ಅಕ್ಕಂದಿರನ್ನು, ಅಣ್ಣಂದಿರನ್ನು ಬೇಕಾದಷ್ಟು ಕಂಡಿದ್ದಾರೆ. ಎರಡನೇ ವಾರದಿಂದಲೇ ಪ್ರತಿ ಭೇಟಿಗೆ ಸಂಸ್ಥೆಯ ಕಾಯಂ ಸಿಬ್ಬಂದಿಯೊಬ್ಬರನ್ನು ಜೊತೆಗೆ ಕರೆಯಲು ಪ್ರಯತ್ನಿಸಿ. ಅವರಿಗೆ ಬಿಡುವಿಲ್ಲದಿದ್ದರೆ ಕೊನೆಯ ವಾರ ಒಂದು ಭೇಟಿಯಾದರೂ ಇಬ್ಬರೂ ಸೇರಿ ಮಾಡಿ. ಕೊನೆಯ ಪುಟದಲ್ಲಿ ನಿಮ್ಮ ಕಲಿಕೆಯ ಅನಿಸಿಕೆ ಬರೆಯುವ ಮೊದಲು, ಮುಂದೆ ಬರುವವರಿಗೆ ಬೇಕಾದದ್ದನ್ನು ಬರೆಯಿರಿ: ಯಾವ ಅರ್ಜಿ ಯಾವ ಕಚೇರಿಯಲ್ಲಿದೆ, ಅದರ ಸ್ವೀಕೃತಿ ಸಂಖ್ಯೆ ಏನು, ಮುಂದಿನ ತಪಾಸಣೆ ಯಾವ ದಿನ, ಯಾವ ಭರವಸೆ ಇನ್ನೂ ಬಾಕಿಯಿದೆ, ಈ ಮನೆಯಲ್ಲಿ ಯಾರ ಮಾತು ನಡೆಯುತ್ತದೆ.

ಮಾತು ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬರು ಕೇಳಿದರು: ‘ಪ್ಲೇಸ್‌ಮೆಂಟ್ ಮುಗಿದು ಊರಿಗೆ ಹೋದ ಮೇಲೂ ಅವರು ನನಗೆ ಫೋನ್ ಮಾಡಿದರೆ ಏನು ಮಾಡಬೇಕು, ಮೇಡಂ?’ ಇದು ಒಳ್ಳೆಯ ಪ್ರಶ್ನೆ, ಏಕೆಂದರೆ ಫೋನ್ ಬಂದೇ ಬರುತ್ತದೆ. ಕರೆ ಸ್ವೀಕರಿಸಿ. ಸಂಖ್ಯೆಯನ್ನು ನಿರ್ಬಂಧಿಸಬೇಡಿ. ಕೇಳಿಸಿಕೊಳ್ಳಿ, ಆದರೆ ದೂರದಿಂದ ನೀವೊಬ್ಬರೇ ಆ ಪ್ರಕರಣವನ್ನು ಮುಂದುವರಿಸಬೇಡಿ. ಸಂಸ್ಥೆಯಲ್ಲಿ ಯಾರಿಗೆ ಒಪ್ಪಿಸಿದ್ದೀರೋ ಅವರ ಹೆಸರನ್ನು ಮತ್ತೆ ಹೇಳಿ, ಅದೇ ದಿನ ಅವರಿಗೂ ವಿಷಯ ತಿಳಿಸಿ, ನಿಮ್ಮ ಅಧ್ಯಾಪಕರಿಗೂ ತಿಳಿಸಿ. ಕರೆಯಲ್ಲಿ ತಕ್ಷಣದ ಅಪಾಯದ ಸುಳಿವಿದ್ದರೆ ಕಾಯಬಾರದು: ತುರ್ತು ನೆರವಿಗೆ 112, ಮಕ್ಕಳಿಗೆ 1098, ಮಹಿಳೆಯರಿಗೆ 181, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416. ಈ ನಾಲ್ಕು ಸಂಖ್ಯೆಗಳನ್ನು ಹೊರಡುವ ಮೊದಲೇ ಫೋನಿನಲ್ಲಿ ಉಳಿಸಿಕೊಳ್ಳಿ. ಕೊನೆಯದು ನಿಮಗೂ ಬೇಕಾಗಬಹುದು. ಬೇಕಾದಾಗ ಸಂಕೋಚಪಡದೆ ಕರೆ ಮಾಡಿ.